ಆ ಚಟಪಟವನ್ನು ಮುಟ್ಟಬೇಡಿ

ರಾಕ್ ಸಂಗೀತದ ಬಗ್ಗೆ ಬರೆಯುವವರು, ಅದನ್ನು ಮಾರುವವರು, ಅಷ್ಟೇ ಏಕೆ, ಅದಕ್ಕಾಗಿ ಪ್ರಾಣ ಬಿಡುವ ಅಭಿಮಾನಿಗಳು ಕೂಡ ಒಂದು ಮಾತನ್ನು ಚಕಾರವೆತ್ತದೆ ಒಪ್ಪಿಕೊಂಡುಬಿಟ್ಟಿದ್ದಾರೆ. ಸ್ಟುಡಿಯೊದಲ್ಲಿ ತಿಂಗಳುಗಟ್ಟಲೆ ಕೂತು ತಿದ್ದಿ ತೀಡಿದ ಆಲ್ಬಮ್ಮೇ ಅಸಲಿ ಕೃತಿ. ವೇದಿಕೆಯಲ್ಲಿ ನುಡಿಸಿದ್ದನ್ನು ಹಿಡಿದಿಟ್ಟ ಲೈವ್ ಆಲ್ಬಮ್ ಅದರ ಬಾಲಂಗೋಚಿ. ಅಭಿಮಾನಿಗೆ ಅದೊಂದು ನೆನಪಿನ ಕಾಣಿಕೆ, ಕಂಪನಿಗೆ ಎರಡು ಆಲ್ಬಮ್ಮುಗಳ ನಡುವಿನ ಬಿಡುವು ತುಂಬುವ ಸರಕು, ಬ್ಯಾಂಡಿಗೆ ಒಪ್ಪಂದದ ಬಾಕಿ ಚುಕ್ತಾ ಮಾಡುವ ದಾರಿ. ಚೆನ್ನಾಗಿದ್ದರೆ ಸಂತೋಷ, ಇಲ್ಲದಿದ್ದರೂ ನಷ್ಟವೇನಿಲ್ಲ. ಈ ಮಾತನ್ನು ಯಾರೂ ವಾದ ಹೂಡಿ ಗೆದ್ದುಕೊಂಡದ್ದಲ್ಲ. ಎಲ್ಲರೂ ಹಾಗೇ ಹೇಳುತ್ತಾರೆ, ಆದ್ದರಿಂದ ಅದು ಹಾಗೇ ಇರಬೇಕು, ಅಷ್ಟೆ.

ಹಾಗಿಲ್ಲ ಎನ್ನುವುದು ನನ್ನ ತಕರಾರು. ಎಪ್ಪತ್ತರ ದಶಕದ ರಾಕ್ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ವಸ್ತು ಹುಟ್ಟಿದ್ದು ಸಭಾಂಗಣಗಳಲ್ಲಿ, ಬೆಳೆದದ್ದು ಸಭಾಂಗಣಗಳಲ್ಲಿ. ಬಹಳಷ್ಟು ಸಲ ಸ್ಟುಡಿಯೊ ಆಲ್ಬಮ್ಮೇ ಅದರ ಕರಡು. ಕರಡನ್ನು ಪೂಜಿಸಿ ಕೃತಿಯನ್ನು ಉಗ್ರಾಣಕ್ಕೆ ತಳ್ಳಿದ ಈ ವ್ಯವಹಾರದಿಂದ ಆಗಿರುವ ಹಾನಿ ಬರೀ ಅಭಿರುಚಿಯದ್ದಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ.

ಮೊದಲು ವಿಮರ್ಶಕರ ದರ್ಬಾರಿಗೆ ಹೋಗೋಣ. ಅಮೆರಿಕದ 'ರೋಲಿಂಗ್ ಸ್ಟೋನ್' ಪತ್ರಿಕೆ 2003ರಲ್ಲಿ ಸಾರ್ವಕಾಲಿಕ ಶ್ರೇಷ್ಠ 500 ಆಲ್ಬಮ್ಮುಗಳ ಪಟ್ಟಿ ಹೊರಡಿಸಿತು. ಮೊದಲ ಇಪ್ಪತ್ತರಲ್ಲಿ ಲೈವ್ ಆಲ್ಬಮ್ ಒಂದೂ ಇಲ್ಲ. ಆಲ್‌ಮನ್ ಬ್ರದರ್ಸ್ ಬ್ಯಾಂಡಿನ 'ಅಟ್ ಫಿಲ್ಮೋರ್ ಈಸ್ಟ್'ಗೆ ಸಿಕ್ಕಿದ್ದು 49ನೆಯ ಸ್ಥಾನ. 2020ರಲ್ಲಿ ಪಟ್ಟಿಯನ್ನು ಬುಡಮೇಲು ಮಾಡಿ ಹೊಸದಾಗಿ ಕಟ್ಟಿದರು. ಎಷ್ಟೋ ಹಳೆಯ ಅನ್ಯಾಯಗಳನ್ನು ಸರಿಪಡಿಸಿದೆವು ಎಂದು ಬೆನ್ನು ತಟ್ಟಿಕೊಂಡರು. ಈ ಒಂದು ಅನ್ಯಾಯ ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ. ಆಗಲೂ ಮೊದಲ ಇಪ್ಪತ್ತರಲ್ಲಿ ಲೈವ್ ಆಲ್ಬಮ್ ಇಲ್ಲ. ಒಬ್ಬ ಗಾಯಕ ಒಂದೇ ಹಾಡನ್ನು ನಲವತ್ತು ತುಂಡುಗಳಲ್ಲಿ ಹಾಡಿ, ಒಳ್ಳೆಯ ತುಂಡುಗಳನ್ನು ಹೆಕ್ಕಿ ಜೋಡಿಸಿದರೆ ಅದು ಕಲೆ. ಆರು ಜನ ಒಂದೇ ಉಸಿರಿಗೆ, ಒಂದೇ ಅವಕಾಶದಲ್ಲಿ, ಸಾವಿರಾರು ಜನರ ಎದುರು ನುಡಿಸಿದರೆ ಅದು ದಾಖಲೆ. ಯಾವ ಶಾಸ್ತ್ರದ ಪ್ರಕಾರ?

ಆ ಫಿಲ್ಮೋರ್ ಈಸ್ಟ್ ತಟ್ಟೆಯನ್ನೇ ಸ್ವಲ್ಪ ಹತ್ತಿರದಿಂದ ಕೇಳಿ. ನ್ಯೂಯಾರ್ಕಿನ ಆ ಸಭಾಂಗಣದಲ್ಲಿ 1971ರ ಮಾರ್ಚ್ 12 ಮತ್ತು 13ರ ಕಚೇರಿಗಳು. ಬ್ಯಾಂಡಿನ ಎರಡು ಸ್ಟುಡಿಯೊ ಆಲ್ಬಮ್ಮುಗಳು ಅಷ್ಟು ಹೊತ್ತಿಗೆ ಅಂಗಡಿಗಳಲ್ಲಿ ಧೂಳು ತಿನ್ನುತ್ತಿದ್ದವು. ಮೊದಲನೆಯದರಲ್ಲಿ 'ವಿಪ್ಪಿಂಗ್ ಪೋಸ್ಟ್' ಐದು ನಿಮಿಷ ಚಿಲ್ಲರೆಯ ಹಾಡು. ಫಿಲ್ಮೋರಿನಲ್ಲಿ ಅದೇ ಹಾಡು ಹತ್ತಿರ ಹತ್ತಿರ 23 ನಿಮಿಷ, ಡಬಲ್ ಎಲ್‌ಪಿಯ ಕೊನೆಯ ಇಡೀ ಒಂದು ಬದಿ. ಬೆರಿ ಓಕ್ಲಿಯ ಬೇಸ್ ಗಿಟಾರು ಒಂಟಿಯಾಗಿ ಶುರುವಾಗುತ್ತದೆ. ಹನ್ನೊಂದು ಎಣಿಕೆಯ ಆವರ್ತ: ಮೂರು, ಮೂರು, ಮೂರು, ಎರಡು. ತಾಳ ಹಾಕುತ್ತ ಕೇಳುವ ಅಭ್ಯಾಸವಿದ್ದವರು ಆ ಕೊನೆಯ ಎರಡರಲ್ಲಿ ಎಡವುವುದು ಖಂಡಿತ. ಅದರ ಮೇಲೆ ಡ್ವೇನ್ ಆಲ್‌ಮನ್, ಡಿಕಿ ಬೆಟ್ಸ್ ಒಬ್ಬರಾದ ಮೇಲೊಬ್ಬರು ಗಿಟಾರು ಬೆಳೆಸುತ್ತ ಹೋಗುತ್ತಾರೆ. ನಡುವೆ ತಾಳವೇ ಕರಗಿ ಬರೀ ಸ್ವರಗಳು ಅಲ್ಲೊಂದು ಇಲ್ಲೊಂದು ಉಳಿಯುತ್ತವೆ. ಆ ಮೌನದೊಳಗಿಂದ ಇಡೀ ಬ್ಯಾಂಡು ಮತ್ತೆ ಎದ್ದು ನಿಲ್ಲುವುದನ್ನು ಕೇಳಿದ ಮೇಲೂ ಸ್ಟುಡಿಯೊದ ಐದು ನಿಮಿಷವೇ ಮೂಲ, ಇದು ಅದರ ಹಿಗ್ಗಿಸಿದ ನಕಲು ಎನ್ನುವವರ ಕಿವಿಗೆ ನಾನೇನು ಹೇಳಲಿ? ಹಾಡು ಮುಗಿಯಿತು, ಚಪ್ಪಾಳೆ ಬಿತ್ತು, ಕಚೇರಿ ಮುಗಿಯಲಿಲ್ಲ. ಬುಚ್ ಟ್ರಕ್ಸ್‌ನ ಟಿಂಪನಿ ಗುಡುಗುತ್ತಿರುವಾಗಲೇ 'ಮೌಂಟನ್ ಜ್ಯಾಮ್' ಶುರುವಾಗಿಬಿಡುತ್ತದೆ, ಸದ್ದು ನಿಧಾನವಾಗಿ ಇಳಿದು ತಟ್ಟೆ ನಿಲ್ಲುತ್ತದೆ. ಆ ಮುಂದಿನ ಅರ್ಧ ಗಂಟೆಗಾಗಿ ಕೇಳುಗರು 1972ರ 'ಈಟ್ ಎ ಪೀಚ್' ಬರುವವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಡ್ವೇನ್ ಇರಲಿಲ್ಲ. 1971ರ ಅಕ್ಟೋಬರ್ 29ರಂದು ಮೋಟರ್‌ಸೈಕಲ್ ಅಪಘಾತದಲ್ಲಿ ತೀರಿಕೊಂಡಿದ್ದ. ಅವನಿಗೆ ಆಗ 24 ವರ್ಷ.

ಇನ್ನೊಂದು ಸಂಗತಿಯಿದೆ. ನಿರ್ಮಾಪಕ ಟಾಮ್ ಡೌಡ್ ಮತ್ತು ಬ್ಯಾಂಡಿನವರು ರಾತ್ರಿ ಕಚೇರಿ ಮುಗಿದ ಮೇಲೆ ಸ್ಟುಡಿಯೊಗೆ ಹೋಗಿ ಅಂದಿನ ಟೇಪು ಹಾಕಿ ಕೇಳುತ್ತಿದ್ದರು. ಯಾವ ಹಾಡು ಸರಿಯಾಗಿ ಕೂತಿದೆ, ಯಾವುದು ಕೂತಿಲ್ಲ ಎಂದು ನೋಡಿ, ಕೂರದಿದ್ದದ್ದನ್ನು ಮರುದಿನ ವೇದಿಕೆಯ ಮೇಲೆ ಮತ್ತೆ ನುಡಿಸುತ್ತಿದ್ದರು. ಮೊದಲ ದಿನ ಬ್ಯಾಂಡು ಕರೆತಂದಿದ್ದ ಊದುವಾದ್ಯದವರು ಬೇಡವೆಂದ ಡೌಡ್, ಅವರನ್ನು ವೇದಿಕೆಯಿಂದಲೇ ಕೆಳಗಿಳಿಸಿದ. ತಪ್ಪಾದರೆ ನಾಳೆ ಜನರ ಎದುರು ಸರಿ ಮಾಡು! ಇಂಥ ಶಿಸ್ತು ಯಾವ ಸ್ಟುಡಿಯೊ ಆಲ್ಬಮ್ಮಿನ ಹಿಂದಿದೆ?

ಲೈವ್ ಆಲ್ಬಮ್ ಯಶಸ್ಸಿನ ನೆರಳು, ಹೆಸರು ಬಂದ ಮೇಲೆ ಮಾಡಿಕೊಳ್ಳುವ ಹಬ್ಬ ಎನ್ನುವವರು ಲೆಕ್ಕದ ಪುಸ್ತಕವನ್ನಾದರೂ ತೆರೆದು ನೋಡಬೇಕಿತ್ತು. ಪೀಟರ್ ಫ್ರಾಂಪ್ಟನ್ ಒಂಟಿಯಾಗಿ ನಾಲ್ಕು ಸ್ಟುಡಿಯೊ ಆಲ್ಬಮ್ ಮಾಡಿದ, ದೊಡ್ಡದಾಗಿ ಯಾವುದೂ ಏಳಲಿಲ್ಲ. ಅವೇ ಹಾಡುಗಳನ್ನು ವೇದಿಕೆಯಲ್ಲಿ ನುಡಿಸಿದ 'ಫ್ರಾಂಪ್ಟನ್ ಕಮ್ಸ್ ಅಲೈವ್!' 1976ರ ಜನವರಿಯಲ್ಲಿ ಬಂತು. ಅಮೆರಿಕದಲ್ಲೇ ಎಂಬತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಚೀಪ್ ಟ್ರಿಕ್‌ನ 'ಐ ವಾಂಟ್ ಯು ಟು ವಾಂಟ್ ಮಿ' 1977ರ ಸ್ಟುಡಿಯೊ ಆಲ್ಬಮ್ಮಿನಲ್ಲಿ ಸದ್ದಿಲ್ಲದೆ ಮಲಗಿತ್ತು. 1978ರ ಏಪ್ರಿಲ್‌ನಲ್ಲಿ ಟೋಕಿಯೊದ ಬುಡೊಕಾನ್‌ನಲ್ಲಿ ಜಪಾನಿ ಹುಡುಗಿಯರ ಕಿರುಚಾಟದ ನಡುವೆ ಹಾಡಿದ ರೂಪ ಮರುವರ್ಷ ಅಮೆರಿಕದ ಪಟ್ಟಿಯಲ್ಲಿ ಏಳನೆಯ ಸ್ಥಾನಕ್ಕೇರಿತು. ಆ ಆಲ್ಬಮ್ಮನ್ನು ಕಂಪನಿ ಮೊದಲು ಜಪಾನಿಗಷ್ಟೇ ಸಾಕು ಎಂದುಕೊಂಡಿತ್ತು. ಆಮದು ತಟ್ಟೆಗಳಿಗೆ ಜನ ಮುಗಿಬಿದ್ದ ಮೇಲೆ ಅಮೆರಿಕದಲ್ಲೂ ಹೊರತಂದಿತು. ಮಾರುವವರಿಗೇ ತಾವು ಏನು ಮಾರುತ್ತಿದ್ದೇವೆ ಎನ್ನುವುದು ಗೊತ್ತಿರಲಿಲ್ಲ.

ಡೀಪ್ ಪರ್ಪಲ್‌ನ 'ಮೇಡ್ ಇನ್ ಜಪಾನ್' ಕಥೆಯೂ ಅದೇ. 1972ರ ಆಗಸ್ಟ್ 15, 16ರಂದು ಒಸಾಕಾ, 17ರಂದು ಬುಡೊಕಾನ್. ಜಪಾನಿನ ಕಂಪನಿಯ ಒತ್ತಾಯಕ್ಕೆ, ಒಲ್ಲದ ಮನಸ್ಸಿನಿಂದ ಒಪ್ಪಿಕೊಂಡ ಧ್ವನಿಮುದ್ರಣ. ನಮ್ಮ ಧ್ವನಿಮುದ್ರಕನೇ ಇರಬೇಕು, ಸರಿ ಬರದಿದ್ದರೆ ಬಿಡುಗಡೆ ಇಲ್ಲ ಎಂದು ಷರತ್ತು ಹಾಕಿ, ಮಾರ್ಟಿನ್ ಬರ್ಚ್‌ನನ್ನು ಕರೆದೊಯ್ದರು. ಇವತ್ತು ಡೀಪ್ ಪರ್ಪಲ್ ಎಂದರೆ ಜನ ಮೊದಲು ಎತ್ತುವುದು ಇದನ್ನೇ. 'ಸ್ಟ್ರೇಂಜ್ ಕೈಂಡ್ ಆಫ್ ವುಮನ್' ಹಾಡಿನ ನಡುವೆ ಇಯಾನ್ ಗಿಲನ್‌ನ ಗಂಟಲಿಗೂ ರಿಚಿ ಬ್ಲಾಕ್‌ಮೋರನ ಗಿಟಾರಿಗೂ ಸವಾಲ್-ಜವಾಬ್ ಬೀಳುತ್ತದೆ. ಗಿಟಾರು ಒಂದು ಸಂಗತಿ ಹಾಕುತ್ತದೆ, ಗಂಟಲು ಅದನ್ನೇ ಮರಳಿ ಕೊಡುತ್ತದೆ. ಮತ್ತೆ ಮೇಲೆ, ಇನ್ನೂ ಮೇಲೆ, ಕೊನೆಗೆ ಯಾವುದು ಗಂಟಲು ಯಾವುದು ತಂತಿ ಎಂದು ಹೇಳಲಾಗದ ಎತ್ತರದಲ್ಲಿ ಗಿಲನ್ ಒಂದು ಚೀತ್ಕಾರ ಬಿಡುತ್ತಾನೆ. ಸ್ಟುಡಿಯೊ ರೂಪದಲ್ಲಿ ಇದರ ಸುಳಿವೂ ಇಲ್ಲ. ಇರಲು ಸಾಧ್ಯವೂ ಇಲ್ಲ. ಎದುರಾಳಿ ಇಂದು ಏನು ಹಾಕುತ್ತಾನೋ ಎಂಬ ದಿಗಿಲು ಇಲ್ಲದ ಕಡೆ ಜುಗಲ್‌ಬಂದಿ ಎಲ್ಲಿಂದ ಬರಬೇಕು?

ಒಪ್ಪಂದದ ಬಾಕಿ ತೀರಿಸಲು ಮಾಡಿದ್ದು ಎಂಬ ಮೂದಲಿಕೆ ಬೇರೆ. ಹೌದು, ಜಿಮಿ ಹೆಂಡ್ರಿಕ್ಸ್‌ನ 'ಬ್ಯಾಂಡ್ ಆಫ್ ಜಿಪ್ಸೀಸ್' ಅಪ್ಪಟ ಬಾಕಿ ತೀರಿಸಿದ್ದೇ. ಹೆಸರಿಲ್ಲದ ಕಾಲದಲ್ಲಿ ಸಹಿ ಹಾಕಿದ್ದ ಒಂದು ಹಳೆಯ ಕಾಗದ ಅವನನ್ನು ಕೋರ್ಟಿನವರೆಗೆ ಎಳೆದು ತಂದಿತ್ತು, ಒಂದು ಆಲ್ಬಮ್ ಕೊಟ್ಟು ಕೈತೊಳೆದುಕೊಳ್ಳಬೇಕಾಯಿತು. ಅವನು ಕೊಟ್ಟದ್ದೇನು? 1970ರ ಹೊಸ ವರ್ಷದ ದಿನ ಅದೇ ಫಿಲ್ಮೋರ್ ಈಸ್ಟಿನಲ್ಲಿ ನುಡಿಸಿದ 'ಮಷೀನ್ ಗನ್', ಹನ್ನೆರಡೂವರೆ ನಿಮಿಷ. ವಿಯೆಟ್ನಾಮ್ ಯುದ್ಧದ ಬಗ್ಗೆ ರಾಕ್ ಸಂಗೀತ ಹೇಳಿದ ಅತ್ಯಂತ ಭಯಂಕರ ಮಾತು ಅದು, ಹೆಚ್ಚಿನ ಭಾಗ ಪದಗಳೇ ಇಲ್ಲದೆ. ಇಂಥ ಬಾಕಿಗಳು ಇನ್ನಷ್ಟು ಇದ್ದಿದ್ದರೆ ಎಂದು ಅನ್ನಿಸುತ್ತದೆ.

ಕನ್ನಡದ ಓದುಗರು ಈ ಮೇಲುಕೀಳನ್ನು ತಲೆಯಾಡಿಸಿ ಒಪ್ಪುವುದು ನನಗೆ ಇನ್ನೂ ಸೋಜಿಗ. ಮಲ್ಲಿಕಾರ್ಜುನ ಮನ್ಸೂರರ ಮೂರು ನಿಮಿಷದ 78 ಆರ್‌ಪಿಎಂ ತಟ್ಟೆಯೇ ಮೂಲ ಕೃತಿ, ಬೆಳಗಿನ ಜಾವದವರೆಗೆ ಬೆಳೆದ ಬೈಠಕ್ಕು ಅದರ ಉಪಉತ್ಪನ್ನ ಎಂದು ಧಾರವಾಡದಲ್ಲಿ ನಿಂತು ಯಾರಾದರೂ ಹೇಳಲಿ ನೋಡೋಣ! ಅಲ್ಲಿ ನಗುವವರು ರಾಕ್‌ನ ವಿಷಯ ಬಂದಾಗ ಮಾತ್ರ ಲಂಡನ್ನಿನ ಸ್ಟುಡಿಯೊ ಗೋಡೆಗೆ ಅಡ್ಡಬೀಳುತ್ತಾರೆ. 1971ರ ಆಗಸ್ಟ್ 1ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆದ 'ದಿ ಕನ್ಸರ್ಟ್ ಫಾರ್ ಬಾಂಗ್ಲಾದೇಶ್' ಶುರುವಾಗುವುದೇ ರವಿಶಂಕರರ ಸಿತಾರ್, ಅಲಿ ಅಕ್ಬರ್ ಖಾನರ ಸರೋದ್, ಅಲ್ಲಾ ರಖಾರ ತಬಲಾದಿಂದ. ಅವರು ಶ್ರುತಿ ಸೇರಿಸಿ ನಿಲ್ಲಿಸಿದಾಗ ರಾಕ್ ಕೇಳಲು ಬಂದಿದ್ದ ಜನ ಅದೇ ಸಂಗೀತವೆಂದುಕೊಂಡು ಚಪ್ಪಾಳೆ ಹೊಡೆದರು. ಶ್ರುತಿಯೇ ಇಷ್ಟು ಹಿಡಿಸಿದರೆ ಕಚೇರಿ ಇನ್ನೂ ಹಿಡಿಸೀತು ಎಂದು ರವಿಶಂಕರ್ ತಮಾಷೆ ಮಾಡಿದರು. ಅದೆಲ್ಲ ತಟ್ಟೆಯ ಮೇಲೆ ಹಾಗೇ ಇದೆ. ಎರಡು ಸಂಸ್ಕೃತಿಗಳು ಒಂದೇ ಮಾಡಿನ ಕೆಳಗೆ ಎದುರಾದಾಗ ಆಗುವ ಮುಜುಗರ, ಪ್ರೀತಿ, ತಪ್ಪು ತಿಳಿವಳಿಕೆ ಎಲ್ಲ ಆ ಅರೆ ನಿಮಿಷದಲ್ಲಿವೆ. 'ಶುಚಿ' ಮಾಡುವವರ ಕೈಗೆ ಸಿಕ್ಕಿದ್ದರೆ ಮೊದಲು ಕತ್ತರಿ ಬೀಳುತ್ತಿದ್ದದ್ದು ಅದಕ್ಕೇ.

ಈ ಶುಚಿತ್ವದ ಗೀಳಿನ ಬಗ್ಗೆಯೇ ನನಗೆ ಹೆಚ್ಚು ಸಿಟ್ಟು. ಸ್ಟುಡಿಯೊ ಅಳತೆಗೋಲಾದ ಮೇಲೆ ವೇದಿಕೆಯಲ್ಲಿ ಆದದ್ದೆಲ್ಲ ಅದಕ್ಕೆ ಹೋಲಿಸಿದರೆ ತಪ್ಪೇ ಆಗುತ್ತದೆ. ತಪ್ಪು ಎಂದಾದ ಮೇಲೆ ತಿದ್ದಬೇಕಲ್ಲ? 1975ರ 'ಅಲೈವ್!' ಕಿಸ್ ಬ್ಯಾಂಡನ್ನೂ ಮುಳುಗುತ್ತಿದ್ದ ಅದರ ಕಂಪನಿಯನ್ನೂ ದಡ ಸೇರಿಸಿತು, ಸಂತೋಷ. ಆದರೆ ಅದರಲ್ಲಿ ಎಷ್ಟೋ ಭಾಗವನ್ನು ಸ್ಟುಡಿಯೊದಲ್ಲಿ ಮತ್ತೆ ನುಡಿಸಿ ಅಂಟಿಸಿದ್ದರು, ಜನರ ಗದ್ದಲವನ್ನೂ ಬೆಳೆಸಿದ್ದರು. ಥಿನ್ ಲಿಜಿಯ 'ಲೈವ್ ಅಂಡ್ ಡೇಂಜರಸ್' ಬಗ್ಗೆ ನಿರ್ಮಾಪಕ ಟೋನಿ ವಿಸ್ಕಾಂಟಿ ಮುಕ್ಕಾಲು ಪಾಲು ಸ್ಟುಡಿಯೊದ್ದು ಎಂದ. ಬ್ಯಾಂಡಿನ ಕಡೆಯವರು ಮುಕ್ಕಾಲು ಪಾಲು ವೇದಿಕೆಯದ್ದೇ ಎಂದರು. ಜುಡಾಸ್ ಪ್ರೀಸ್ಟ್‌ನ 1979ರ 'ಅನ್‌ಲೀಶ್ಡ್ ಇನ್ ದಿ ಈಸ್ಟ್' ಗಾಯನವನ್ನು ಮರಳಿ ಮುದ್ರಿಸಿದ್ದಕ್ಕೆ ಅಭಿಮಾನಿಗಳೇ ಅದರ ಹೆಸರನ್ನು ತಿರುಚಿ ಪೂರ್ವದ ಜಾಗದಲ್ಲಿ ಸ್ಟುಡಿಯೊ ಎಂದು ಸೇರಿಸಿ ಗೇಲಿ ಮಾಡಿದರು. ಇದನ್ನೆಲ್ಲ ಎತ್ತಿ ತೋರಿಸಿ, ನೋಡಿ, ಲೈವ್ ಎಂಬುದೇ ಮೋಸ ಎನ್ನುವ ಜಾಣರಿದ್ದಾರೆ. ಅಯ್ಯಾ, ಮೋಸ ಹುಟ್ಟಿದ್ದು ಎಲ್ಲಿಂದ? ವೇದಿಕೆಯ ಮೇಲೆ ನಿಮ್ಮ ಕೈ ಜಾರಿದ್ದು ನಾಚಿಕೆಯ ವಿಷಯ ಎಂದು ಕಲಿಸಿದವರು ಯಾರು? ಮೊದಲು ನಾಚಿಸಿ, ನಾಚಿ ಮುಖಕ್ಕೆ ಬಣ್ಣ ಬಳಿದುಕೊಂಡವರನ್ನು ಆಮೇಲೆ ಸುಳ್ಳರು ಎಂದು ಹಂಗಿಸುವುದು ಯಾವ ನ್ಯಾಯ?

ದಿ ಹೂ ಬ್ಯಾಂಡಿಗೆ ಈ ನಾಚಿಕೆ ಇರಲಿಲ್ಲ. 1970ರ ಫೆಬ್ರುವರಿ 14ರಂದು ಲೀಡ್ಸ್ ವಿಶ್ವವಿದ್ಯಾಲಯದ ಊಟದ ಹಾಲಿನಲ್ಲಿ ನುಡಿಸಿದ್ದು 'ಲೈವ್ ಅಟ್ ಲೀಡ್ಸ್' ಆಗಿ ಬಂತು. ಕಳ್ಳಮುದ್ರಣದ ತಟ್ಟೆಗಳನ್ನು ಅಣಕಿಸುವ, ರಬ್ಬರ್ ಮೊಹರು ಒತ್ತಿದಂಥ ಬಡಕಲು ಹೊದಿಕೆ. ಟೇಪಿನಲ್ಲಿ ಚಟಪಟ ಸದ್ದು ಸೇರಿಕೊಂಡಿತ್ತು. ಅದು ಇರುವುದೇ ಹಾಗೆ, ಸರಿಪಡಿಸಲು ಹೋಗಬೇಡಿ ಎಂಬರ್ಥದ ಸೂಚನೆಯನ್ನು ತಟ್ಟೆಯ ಲೇಬಲ್ಲಿನ ಮೇಲೆಯೇ ಕೈಬರಹದಲ್ಲಿ ಅಚ್ಚು ಹಾಕಿಸಿದರು. ಇದಕ್ಕಿಂತ ಸ್ಪಷ್ಟವಾಗಿ ಒಬ್ಬ ಕಲಾವಿದ ಇನ್ನು ಹೇಗೆ ಹೇಳಬೇಕು? 1995ರಲ್ಲಿ ಸಿಡಿಯನ್ನು ಹಿಗ್ಗಿಸಿ ಮರುಬಿಡುಗಡೆ ಮಾಡುವಾಗ ಕಂಪ್ಯೂಟರಿನಲ್ಲಿ ಆ ಚಟಪಟವನ್ನು ಹೆಕ್ಕಿ ಹೆಕ್ಕಿ ತೆಗೆದುಹಾಕಿದರು. ಹೊಸ ಹಾಡುಗಳು ಸೇರಿದ್ದಕ್ಕೆ ಎಲ್ಲರೂ ಹರಸಿದರು. ಲೇಬಲ್ಲಿನ ಮಾತು ಯಾರಿಗೂ ನೆನಪಾಗಲಿಲ್ಲ. ಬ್ಯಾಂಡೇ ಒಪ್ಪಿತ್ತಲ್ಲ ಎನ್ನಬಹುದು. ಕಲಾವಿದನೂ ಇದೇ ಊರಿನ ನೀರು ಕುಡಿಯುವವನು. ನೀಲ್ ಯಂಗ್ 1973ರಲ್ಲಿ ಅದುವರೆಗೆ ಎಲ್ಲೂ ಬಾರದ ಹಾಡುಗಳನ್ನೇ ಇಟ್ಟು 'ಟೈಮ್ ಫೇಡ್ಸ್ ಅವೇ' ಎಂಬ ಲೈವ್ ಆಲ್ಬಮ್ ಕೊಟ್ಟ. ಗೆಳೆಯನ ಸಾವಿನ ಬೆನ್ನಿಗೇ ಹೊರಟ ಪ್ರವಾಸ, ಒಡೆದ ಗಂಟಲು, ಎಳೆದಾಡುವ ತಾಳ. ಅವನ ಅತ್ಯಂತ ಪ್ರಾಮಾಣಿಕ ಗಳಿಗೆಗಳು ಅಲ್ಲಿವೆ. ಅವನಿಗೇ ಅದು ಬೇಡವಾಯಿತು. ಸಿಡಿಯಾಗಿ ಬರಲು 2017 ಆಗಬೇಕಾಯಿತು.

ಇನ್ನು ಕಳ್ಳತನದ ಆರೋಪಕ್ಕೆ ಬರುತ್ತೇನೆ. ಕೋಟಿನೊಳಗೆ ಟೇಪ್ ರೆಕಾರ್ಡರ್ ಬಚ್ಚಿಟ್ಟು ಕಚೇರಿ ಮುದ್ರಿಸಿಕೊಂಡ ಕೇಳುಗನನ್ನು ಉದ್ಯಮ ಕಳ್ಳ ಎಂದಿತು. ಲೆಡ್ ಜೆಪ್ಲಿನ್‌ನ ಮ್ಯಾನೇಜರ್ ಪೀಟರ್ ಗ್ರ್ಯಾಂಟ್ ಅಂಥವರ ಯಂತ್ರಗಳನ್ನು ಕೈಯಾರೆ ಒಡೆಯುತ್ತಿದ್ದ; 1971ರಲ್ಲಿ ವ್ಯಾಂಕೂವರಿನಲ್ಲಿ ಶಬ್ದದ ಪ್ರಮಾಣ ಅಳೆಯಲು ಬಂದಿದ್ದ ಸರ್ಕಾರಿ ಸಿಬ್ಬಂದಿಯ ಉಪಕರಣವನ್ನೇ ಕಳ್ಳಮುದ್ರಣದ್ದೆಂದು ಪುಡಿಗಟ್ಟಿಸಿ ನಗೆಪಾಟಲಾದ. ಮಾರಿ ದುಡ್ಡು ಮಾಡಿದವರ ಪರವಾಗಿ ನಾನು ವಕಾಲತ್ತು ಹಾಕುವುದಿಲ್ಲ. ಆದರೆ ಲಾಸ್ ಏಂಜಲೀಸ್‌ನಲ್ಲಿ ಗಾಲಿಕುರ್ಚಿಯಲ್ಲಿ ಕೂತು, ಅದರಡಿ ಯಂತ್ರ ಅಡಗಿಸಿಕೊಂಡು ಹೋಗುತ್ತಿದ್ದ ಒಬ್ಬ ಅಭಿಮಾನಿ ಇಲ್ಲದಿದ್ದರೆ 1977ರ ಜೂನ್ 21ರ ಜೆಪ್ಲಿನ್ ಕಚೇರಿಯನ್ನು ಈ ಗುಣಮಟ್ಟದಲ್ಲಿ ನಾವು ಕೇಳುತ್ತಿರಲಿಲ್ಲ. ಉದ್ಯಮ ತನ್ನ ಪಾಲಿನ ಟೇಪುಗಳನ್ನು ಹೇಗೆ ಕಾಪಾಡಿತು ಎಂಬುದಕ್ಕೆ ಗ್ರೇಟ್‌ಫುಲ್ ಡೆಡ್ ಬ್ಯಾಂಡನ್ನು ನೋಡಿ. 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಬೆಟ್ಟಿ ಕ್ಯಾಂಟರ್-ಜ್ಯಾಕ್ಸನ್ ಮುದ್ರಿಸಿದ ಕಚೇರಿಯನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2011ರ ಸಾಲಿನಲ್ಲಿ ರಾಷ್ಟ್ರೀಯ ಧ್ವನಿಮುದ್ರಣ ದಾಖಲೆಗೆ ಸೇರಿಸಿತು. ಅಧಿಕೃತ ಬಿಡುಗಡೆ ಆಗಿದ್ದು 2017ರಲ್ಲಿ. ಇವೆರಡಕ್ಕೂ ಬಹಳ ಮೊದಲೇ ಆಕೆಯ ಟೇಪುಗಳು ಬಾಡಿಗೆ ಗೋದಾಮಿನಲ್ಲಿ ಬಿದ್ದಿದ್ದು, ಬಾಡಿಗೆ ಕಟ್ಟಲಾಗದೆ 1986ರಲ್ಲಿ ಹರಾಜಿಗೆ ಹೋದವು. ರಾಷ್ಟ್ರೀಯ ನಿಧಿಯನ್ನು ಗುಜರಿಯ ಜೊತೆ ಕೂಗಿದರು! ಅದನ್ನು ಉಳಿಸಿ, ನಕಲು ಮಾಡಿ, ಕೈಯಿಂದ ಕೈಗೆ ಪುಕ್ಕಟೆ ದಾಟಿಸಿದವರು ಕೇಳುಗರು. ಕಳ್ಳರು ಯಾರು, ಕಾವಲುಗಾರರು ಯಾರು?

ಸ್ಟುಡಿಯೊದ ಸರ್ವಾಧಿಕಾರ ಈಗ ವೇದಿಕೆಯನ್ನೇ ಹತ್ತಿ ಕೂತಿದೆ. ಇವತ್ತಿನ ದೊಡ್ಡ ಕಚೇರಿಗಳಲ್ಲಿ ಡ್ರಮ್ಸ್ ನುಡಿಸುವವನ ಕಿವಿಯಲ್ಲಿ ಟಿಕ್ ಟಿಕ್ ಎನ್ನುವ ಕ್ಲಿಕ್, ಹಿಂದೆ ಮೊದಲೇ ಮುದ್ರಿಸಿದ ದನಿಗಳು, ಗಾಯಕ ಜಾರಿದರೆ ಹಿಡಿದೆತ್ತುವ ಯಂತ್ರ. ದೀಪಗಳಿಗೂ ವಿಡಿಯೊ ಪರದೆಗೂ ಹಾಡು ಸೆಕೆಂಡು ಲೆಕ್ಕದಲ್ಲಿ ಹೊಂದಬೇಕು. ಐದು ನಿಮಿಷದ್ದು ಇಪ್ಪತ್ತಮೂರು ನಿಮಿಷವಾಗುವ ಮಾತು ಹಾಗಿರಲಿ, ಐದೂಕಾಲೂ ಆಗುವಂತಿಲ್ಲ. ಜನ ದುಬಾರಿ ಟಿಕೆಟ್ ಕೊಟ್ಟು ಸ್ಟುಡಿಯೊ ಆಲ್ಬಮ್ಮನ್ನು ದೊಡ್ಡ ಸದ್ದಿನಲ್ಲಿ ಕೇಳಿ ಬರುತ್ತಾರೆ, 'ಥೇಟ್ ರೆಕಾರ್ಡಿನ ಹಾಗೇ ಇತ್ತು' ಎಂದು ಮೆಚ್ಚುತ್ತಾರೆ. ಕಚೇರಿಗೆ ಇದಕ್ಕಿಂತ ದೊಡ್ಡ ಬೈಗುಳ ಇನ್ನೊಂದಿಲ್ಲ. ಮನೆಯಲ್ಲಿ ಫೋನಿನ ಆ್ಯಪ್ ಉಳಿದದ್ದನ್ನು ನೋಡಿಕೊಳ್ಳುತ್ತದೆ: ಫಿಲ್ಮೋರಿನ ಒಂದು ತುಂಡನ್ನು ಕಿತ್ತು ಬೇರೆ ಯಾರದ್ದೋ ಹಾಡಿನ ಪಕ್ಕ ಇಡುತ್ತದೆ, ಚಪ್ಪಾಳೆಯ ನಡುಮಧ್ಯೆ ಹಾಡು ಕತ್ತರಿಸಿ ಬೀಳುತ್ತದೆ.

ಆದ್ದರಿಂದ ಬೇಡಿಕೆಗಳು, ಮುಲಾಜಿಲ್ಲದೆ. ವಿಮರ್ಶಕರು ಶ್ರೇಷ್ಠತೆಯ ಪಟ್ಟಿ ಕಟ್ಟುವಾಗ ಲೈವ್ ಆಲ್ಬಮ್ಮುಗಳನ್ನು ಅದೇ ಪಂಕ್ತಿಯಲ್ಲಿ ಕೂರಿಸಲಿ. ಆಗದಿದ್ದರೆ ಪಟ್ಟಿಯ ನೆತ್ತಿಯ ಮೇಲೆ 'ಸ್ಟುಡಿಯೊ ಮಾತ್ರ' ಎಂದು ಬರೆಯಲಿ. ಕಂಪನಿಗಳು ಲೈವ್ ಎಂದು ಮಾರುವ ಪ್ರತಿಯೊಂದರ ಮೇಲೂ ಯಾವ ಊರು, ಯಾವ ರಾತ್ರಿ, ಯಾವ ವಾದ್ಯವನ್ನು ಆಮೇಲೆ ಅಂಟಿಸಿದ್ದು ಎಂದು ಅಚ್ಚು ಹಾಕಲಿ. ಔಷಧದ ಬಾಟಲಿಯ ಮೇಲೆ ಒಳಗಿರುವುದೇನೆಂದು ಬರೆಯುವುದಿಲ್ಲವೆ? ತಿದ್ದಿದ ರೂಪ ಹೊರತರುವವರು ತಿದ್ದದ ರೂಪವನ್ನೂ ಜೊತೆಗೇ ಕೊಡಲಿ. ಕೇಳುಗರು, ಅಂದರೆ ನಾವು, ಒಂದು ಕಚೇರಿಯನ್ನು ನಡುವೆ ನಿಲ್ಲಿಸದೆ, ಹಾಡು ದಾಟಿಸದೆ, ಶ್ರುತಿ ಸೇರಿಸುವ ಹೊತ್ತನ್ನೂ ಸೇರಿಸಿ ಕೇಳುವ ತಾಳ್ಮೆ ಬೆಳೆಸಿಕೊಳ್ಳಬೇಕು.

ಇದಕ್ಕೆಲ್ಲ ಕಾಲ ಬಹಳವಿಲ್ಲ. ಆ ಕಾಲದ ಕೆಲವು ಬಗೆಯ ಟೇಪುಗಳ ಅಂಟು ತೇವ ಹೀರಿ ಜಿಗುಟಾಗುತ್ತದೆ. ಯಂತ್ರಕ್ಕೆ ಹಾಕಿದರೆ ಮೇಲಿನ ಪದರವೇ ಸುಲಿದು ಬರುತ್ತದೆ. ಐವತ್ತು ಡಿಗ್ರಿ ಆಸುಪಾಸಿನ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟರೆ ಸ್ವಲ್ಪ ದಿನ ನುಡಿಯಬಹುದು, ಅಷ್ಟರಲ್ಲಿ ನಕಲು ಇಳಿಸಿಕೊಳ್ಳಬೇಕು. 2008ರ ಜೂನ್ 1ರಂದು ಹಾಲಿವುಡ್‌ನ ಯೂನಿವರ್ಸಲ್ ಆವರಣದ ಬೆಂಕಿಯಲ್ಲಿ ಮೂಲ ಟೇಪುಗಳ ಉಗ್ರಾಣವೇ ಉರಿದುಹೋಯಿತು. ಸುದ್ದಿಯ ಗಾತ್ರ ಹೊರಬಿದ್ದದ್ದು 2019ರಲ್ಲಿ, ಏನೇನು ಹೋಯಿತೆಂಬ ಜಗಳ ಆಮೇಲೂ ನಡೆಯಿತು. ಬಾಲಂಗೋಚಿ ಎಂದು ಬದಿಗಿಟ್ಟ ವಸ್ತುವನ್ನು ಯಾರು ಮುತುವರ್ಜಿಯಿಂದ ಕಾಯುತ್ತಾರೆ? ಉಳಿದ ಉಗ್ರಾಣಗಳ ಬೀಗ ತೆಗೆಯಿರಿ, ಒಂದೊಂದು ರಾತ್ರಿಯ ಟೇಪನ್ನೂ ಮೊದಲಿನಿಂದ ಕೊನೆಯವರೆಗೆ ಇದ್ದ ಹಾಗೇ ಇಳಿಸಿ. ಮಾರಿದರೆ ಲಾಭವಿಲ್ಲ ಎನ್ನಿಸಿದ ರಾತ್ರಿಗಳನ್ನು ಯಾವುದಾದರೂ ಸಾರ್ವಜನಿಕ ಗ್ರಂಥಾಲಯಕ್ಕೆ ಕೊಟ್ಟುಬಿಡಿ, ಈ ವರ್ಷವೇ.